ಅತ್ತೆಯ ಮೂರನೇ ಗೇರ್

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ನಮ್ಮನೆಯವರು ನಾಲ್ಕು ಜನರ ಮುಂದೆ ಈ ಕಥೆ ತೆಗೆದಾಗಲೆಲ್ಲ ತಪ್ಪು ಯಾರದೆಂಬುದನ್ನು ಎರಡೆರಡು ಸಲ ಹೇಳುತ್ತಾರೆ. ಅವರಿಗೆ ಆ ಶ್ರಮ ಬೇಡ. ಕಾರಿನ ಸದ್ದನ್ನು ರಿಪೇರಿ ಮಾಡಿಸಿದವಳು ನಾನು.

ಆದರೆ ಆ ಸದ್ದು ಎಂಥದ್ದೆಂದು ಕೇಳಿದರೆ ನೀವೂ ನನ್ನ ಪರವೇ ಮಾತಾಡುತ್ತೀರಿ. ಕಾರು ಗೇಟು ದಾಟಿದ ಕೂಡಲೇ ಟಕ್ ಅನ್ನುತ್ತಿತ್ತು. ಸ್ವಲ್ಪ ಬಿಟ್ಟು ಇನ್ನೊಂದು ಟಕ್. ಬೀದಿಯ ತಿರುವಿಗೆ ಬರುವಷ್ಟರಲ್ಲಿ ಟಕ್ ಟಕ್ ಟಕ್. ದೊಡ್ಡ ರಸ್ತೆಗೆ ಬಿದ್ದ ಮೇಲೆ ಟಕಟಕಟಕ. ಇನ್ನೂ ಜೋರಾಗಿ ಹೋದರೆ ಏನೂ ಇಲ್ಲ, ಗಪ್‌ಚಿಪ್. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು. ಬೆಳಗಿನಿಂದ ಸಂಜೆಯವರೆಗೆ ಡ್ರಿಲ್ಲಿನ ಸದ್ದು, ಅದರ ಮೇಲೆ ಪೇಷೆಂಟುಗಳ ಸದ್ದು. ಮನೆಗೆ ಬರುವಾಗಲೂ ಟಕಟಕ ಅಂದರೆ ತಲೆ ಚಿಟ್ಟು ಹಿಡಿಯದೆ ಇನ್ನೇನಾಗುತ್ತದೆ?

ಮನೆಯಲ್ಲಿ ಈ ಸದ್ದಿನ ಮೇಲೆ ದೊಡ್ಡ ಸಂಶೋಧನೆಯೇ ನಡೆದಿತ್ತು. ನಮ್ಮ ಮಾವ ಮೂವತ್ತು ವರ್ಷ ನೀರಿನ ಪಂಪ್‌ಹೌಸ್ ನೋಡಿಕೊಂಡಿದ್ದವರು; ಯಂತ್ರವೊಂದು ಕೆಮ್ಮಿದರೆ ಸಾಕು, ಕಾಯಿಲೆ ಏನೆಂದು ಹೇಳಿಬಿಡುತ್ತೇನೆ ಎಂಬ ಜಂಬ. ಹೋದ ವರ್ಷ ಪಂಕ್ಚರ್ ಆದಾಗ ಯಾರನ್ನೂ ಹತ್ತಿರ ಬಿಡದೆ ತಾವೇ ಚಕ್ರ ಬದಲಾಯಿಸಿದ ಮೇಲಂತೂ ಅವರನ್ನು ಹಿಡಿಯುವವರೇ ಇಲ್ಲ. ಸದ್ದಿಗೆಂದೇ ಒಂದು ನೋಟ್‌ಬುಕ್ ಇಟ್ಟಿದ್ದರು. ತಾರೀಕು, ಸಮಯ, ರಸ್ತೆ, ಕಾರಿನ ವೇಗ, ಬಿಸಿಲೋ ಮೋಡವೋ, ಎಲ್ಲ ಅದರಲ್ಲಿ. ದಿನಾ ಬೆಳಿಗ್ಗೆ ಸ್ಟೀಲ್ ಲೋಟದ ಬಾಯಿಯನ್ನು ಬಾನೆಟ್ಟಿಗೆ ಒತ್ತಿ, ತಳಕ್ಕೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕಾರು ನಿಂತಾಗ ಸದ್ದೇ ಬರುವುದಿಲ್ಲ ಎಂದು ಹೇಳಿದರೆ ನನಗೇ ಬೈಗುಳ.

"ಬೇರಿಂಗು. ಸಂಶಯವೇ ಇಲ್ಲ," ಎನ್ನುತ್ತಿದ್ದರು ಮಾವ.

"ಸೈಲೆನ್ಸರ್, ಅಪ್ಪ," ಎನ್ನುತ್ತಿದ್ದರು ನಮ್ಮನೆಯವರು. ಅವರಿಗೆ ಕಾರಿನಲ್ಲಿ ಗೊತ್ತಿದ್ದ ಭಾಗ ಅದೊಂದೇ.

ಅತ್ತೆ ಮಾತ್ರ ಆ ಸದ್ದನ್ನು ಒಂದು ದಿನವೂ ಬೈದವರಲ್ಲ. "ಪಾಪ, ಅದರ ಪಾಡಿಗೆ ಅದು ಸದ್ದು ಮಾಡ್ಕೊಂಡಿರ್ಲಿ ಬಿಡಿ," ಎನ್ನುತ್ತಿದ್ದರು. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅತ್ತೆಯ ವಿಷಯ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಅವರಿಗೆ ಅರವತ್ತೊಂದು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಯೂನಿಫಾರಂ, ಪ್ಯಾಂಟು, ಶರಟು ಹೊಲಿಯುವವರು. ಅವರ ಅಕ್ಕ ಸೇತುವೆಯಾಚೆ ಒಬ್ಬರೇ ಇದ್ದಾರೆ. ಹೋದ ವರ್ಷ ಆ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸುದ್ದಿ ಬಂದದ್ದು ಸೋಮವಾರ. ಮಾವನಿಗೆ ಮಂಡಿನೋವು, ನಮ್ಮನೆಯವರಿಗೆ ಆಫೀಸು, ನನಗೆ ರಜೆ ಇಲ್ಲ. ಅತ್ತೆಗೆ ಬಸ್ಸು ಹತ್ತಿದರೆ ಎರಡನೇ ಸ್ಟಾಪಿಗೇ ವಾಂತಿ. ಬಾಡಿಗೆ ಕಾರಿನಲ್ಲಿ ಒಬ್ಬರೇ ಹೋಗುವುದಕ್ಕೆ ಮಾವ ಬಿಡರು. ಕೊನೆಗೆ ನಾವೆಲ್ಲ ಪುರುಸೊತ್ತು ಮಾಡಿಕೊಂಡು ಅವರನ್ನು ಕರೆದುಕೊಂಡು ಹೋದದ್ದು ಬುಧವಾರ ಸಂಜೆ. ದೊಡ್ಡಮ್ಮ ಮಂಚದ ಮೇಲಿಂದ ತಂಗಿಯನ್ನು ನೋಡಿ, "ಈಗ ಬಂದ್ಯಾ?" ಅಂದರು. ಅಷ್ಟೇ. ಮರುದಿನವೇ ಅತ್ತೆ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡರು.

ಲೈಸೆನ್ಸ್ ಟೆಸ್ಟಿನಲ್ಲಿ ಎರಡು ಸಲ ಫೇಲ್. ಎರಡೂ ಸಲ ಡ್ರೈವಿಂಗ್ ಸ್ಕೂಲಿನ ಹೊಸ ಕಾರು. ಒಂದು ಸಲ ಇಡೀ ಮೈದಾನವನ್ನು ಒಂದನೇ ಗೇರಿನಲ್ಲೇ ಕಿರುಚಾಡಿಸಿಕೊಂಡು ಸುತ್ತಿದರು. ಇನ್ನೊಂದು ಸಲ ಸೀದಾ ನಾಲ್ಕನೇ ಗೇರ್ ಹಾಕಿ ಕಾರಿನ ಉಸಿರು ನಿಲ್ಲಿಸಿದರು. ಅದೇ ನಮ್ಮ ಹಳೇ ಕಾರನ್ನು ಕೊಟ್ಟರೆ ಬೆಣ್ಣೆಯ ಹಾಗೆ ಓಡಿಸುತ್ತಿದ್ದರು. ಇನ್‌ಸ್ಪೆಕ್ಟರನ್ನು ಕಂಡರೆ ಹೆದರಿಕೆ ಇರಬೇಕು ಅಂದುಕೊಂಡೆವು. ಮೂರನೇ ಸಲ ನಮ್ಮ ಕಾರಿನಲ್ಲೇ ಟೆಸ್ಟ್ ಎಂದು ತೀರ್ಮಾನವಾಯಿತು. ಮಾವ ಒಂದು ಷರತ್ತು ಹಾಕಿದರು: "ಈ ಸಲವೂ ಆಗ್ಲಿಲ್ಲ ಅಂದ್ರೆ ಆ ಮಾತು ಮತ್ತೆ ಎತ್ತಬಾರ್ದು."

"ಎತ್ತಲ್ಲ," ಎಂದರು ಅತ್ತೆ. ಅವರು ಒಂದು ಮಾತು ಕೊಟ್ಟರೆ ಮುಗಿಯಿತು.

ಟೆಸ್ಟ್ ಶುಕ್ರವಾರ. ಪಾಪ, ಅತ್ತೆ ಆ ಹಾಳು ಟಕಟಕ ಇಟ್ಟುಕೊಂಡು ಇನ್‌ಸ್ಪೆಕ್ಟರ್ ಮುಂದೆ ಹೋಗಬೇಕಲ್ಲ ಎಂದು ನನಗೆ ಅಯ್ಯೋ ಅನ್ನಿಸಿತು. ಗುರುವಾರ ರಜೆ ಹಾಕಿದೆ. ಅತ್ತೆ ಹೊಲಿಗೆಯಲ್ಲಿದ್ದಾಗ ಕಾರನ್ನು ಗ್ಯಾರೇಜಿಗೆ ಒಯ್ದೆ. ಸಂಶೋಧಕರಿಬ್ಬರೂ ಜೊತೆಗೆ ಹತ್ತಿದರು.

ಮೆಕ್ಯಾನಿಕ್ ಕಾರನ್ನು ಬಾಣದ ಹಾಗೆ ಒಂದು ಸುತ್ತು ಹೊಡೆಸಿಕೊಂಡು ಬಂದ. "ಎಲ್ಲಿ ಮೇಡಂ ಸದ್ದು? ನಂಗೇನೂ ಕೇಳಿಸ್ಲಿಲ್ವಲ್ಲ. ಹೇಗೆ ಬರುತ್ತೆ, ಸ್ವಲ್ಪ ಮಾಡಿ ತೋರಿಸಿ."

"ಟೊಕ್," ಎಂದರು ಮಾವ, ನೋಟ್‌ಬುಕ್ ನೋಡಿಕೊಂಡು.

"ಟೊಕ್ ಅಲ್ಲಪ್ಪ, ಟಿಣ್," ಎಂದರು ನಮ್ಮನೆಯವರು.

"ಇಬ್ಬರೂ ಸ್ವಲ್ಪ ಬಾಯಿ ಮುಚ್ಕೊಳ್ತೀರಾ? ಟಕ್! ಟಕ್ ಟಕ್ ಟಕ್!" ಎಂದು ನಾನು ಗ್ಯಾರೇಜಿನ ನಡುವೆ ಕೂಗಿದೆ. ಮೂವರೂ ಒಟ್ಟಿಗೆ ಶುರು ಹಚ್ಚಿಕೊಂಡೆವು. ಟೈರಿಗೆ ಗಾಳಿ ಹಾಕಿಸಲು ಬಂದಿದ್ದ ಒಬ್ಬಾತ ಸ್ಕೂಟರಿನಿಂದ ಇಳಿದು, ಹೆಲ್ಮೆಟ್ ತೆಗೆದು, ಆರಾಮಾಗಿ ನಿಂತು ನೋಡಿದ.

ಮೆಕ್ಯಾನಿಕ್ ನಮ್ಮನ್ನು ಅಲ್ಲೇ ಬಿಟ್ಟು ಕಾರನ್ನು ಕೈಯಲ್ಲೇ ಮೆಲ್ಲಗೆ ತಳ್ಳಿದ. ಟಕ್. ಹಿಂದಿನ ಚಕ್ರದ ಹತ್ತಿರ ಕೂತು, ವೀಲ್ ಕ್ಯಾಪಿನ ಅಂಚಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ಎಬ್ಬಿದ. ಹಳೇ ಪ್ಲಾಸ್ಟಿಕ್ಕು, ಕ್ಯಾಪು ಎರಡು ತುಂಡಾಯಿತು. ಒಳಗಿನಿಂದ ಒಂದು ನಟ್ಟು ಉರುಳಿಕೊಂಡು ಬಂದು ನನ್ನ ಚಪ್ಪಲಿಗೆ ತಾಗಿ ನಿಂತಿತು.

"ನಾಲ್ಕು ನಟ್ಟು ಇರ್ಬೇಕಾದ ಕಡೆ ಮೂರೇ ಇದೆ. ಬಿದ್ದದ್ದು ಕ್ಯಾಪಿನೊಳಗೆ ಉರುಳ್ತಿತ್ತು, ಜೋರಾಗಿ ಹೋದ್ರೆ ಅಂಚಿಗೆ ಅಂಟ್ಕೊಂಡು ಸುಮ್ಮನಾಗ್ತಿತ್ತು. ಈ ಚಕ್ರ ಬದಲಾಯಿಸಿದ ಮಹಾನುಭಾವರು ಯಾರು?"

ಮಾವ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅದು ಹಿಂದಿನ ವರ್ಷದ್ದು. ನಮ್ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೆಕ್ಯಾನಿಕ್ ನಟ್ಟನ್ನು ಅದರ ಜಾಗದಲ್ಲಿ ಬಿಗಿದ. ಬರುವಾಗ ಕಾರಿನಲ್ಲಿ ಎಂಥ ನೆಮ್ಮದಿ ಅಂತೀರಿ! ನಾನು ಸೀಟಿಗೆ ಒರಗಿ ಕಣ್ಣು ಮುಚ್ಚಿದೆ.

ಮಧ್ಯಾಹ್ನ ಅತ್ತೆ ಕೊನೆಯ ಅಭ್ಯಾಸಕ್ಕೆ ಕೂತರು, ಪಕ್ಕದಲ್ಲಿ ನಾನು. ಕಾರು ಗೇಟು ದಾಟಿತು. ಅತ್ತೆ ಕಿಟಕಿಯ ಕಡೆ ಕಿವಿ ಕೊಟ್ಟರು.

"ಇದೇನೇ, ಮಾತೇ ಆಡ್ತಿಲ್ಲ!"

"ಸರಿ ಮಾಡ್ಸಿದೀನಿ ಅತ್ತೆ. ನಿಮಗೋಸ್ಕರ," ಎಂದೆ ನಾನು, ಹೆಮ್ಮೆಯಿಂದ.

ಕಾರು ಒಂದನೇ ಗೇರಿನಲ್ಲಿ ಅರಚುತ್ತ ಬೀದಿಯ ಕೊನೆಯವರೆಗೆ ಹೋಯಿತು. ತಿರುವಿನಲ್ಲಿ ಆಫ್. ಮತ್ತೆ ಶುರು, ಮತ್ತೆ ಆಫ್. ನಾಲ್ಕನೇ ಸಲ ಆಫ್ ಆದಾಗ ಅತ್ತೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು.

"ನಾನು ಗೇರ್ ಹಾಕ್ತಿದ್ದದ್ದೇ ಆ ಸದ್ದು ಕೇಳ್ಕೊಂಡು ಕಣೇ. ಗುಂಡಿ ಹೊಲಿಯೋ ಹಾಗೆ ಬಿಟ್ಟು ಬಿಟ್ಟು ಬಂದ್ರೆ ಒಂದು. ಕಾಲರ್ ಹೊಲಿಯೋ ಹಾಗೆ ಬಂದ್ರೆ ಎರಡು. ಪ್ಯಾಂಟಿನ ಉದ್ದ ಹೊಲಿಗೆ ಹಾಗೆ ಓಡಿದ್ರೆ ಮೂರು. ಸದ್ದು ನಿಂತ್ರೆ ನಾಲ್ಕು."

"ಮೀಟರ್ ನೋಡ್ಬಹುದಲ್ಲ ಅತ್ತೆ?"

"ಹೊಲಿಯೋವಾಗ ಕಣ್ಣು ಬಟ್ಟೆ ಮೇಲಿರ್ಬೇಕು, ಓಡಿಸೋವಾಗ ರಸ್ತೆ ಮೇಲೆ. ಮೀಟರಿಗೆ ಇನ್ನೊಂದು ಕಣ್ಣು ಎಲ್ಲಿಂದ ತರ್ಲಿ?"

"ಇಂಜಿನ್ ಸದ್ದು ಇದೆಯಲ್ಲ?"

"ಅದು ನಿಮ್ಮ ಮಾವನ ಹಾಗೆ ಒಂದೇ ಸಮ ಗೊಣಗುತ್ತೆ. ಅದರಲ್ಲಿ ಏನು ತಿಳಿಯುತ್ತೆ?" ಎಂದವರು, ನನ್ನ ಮುಖ ನೋಡಿ ದನಿ ಇಳಿಸಿದರು. "ಬಿಡು. ನೀನು ಒಳ್ಳೇದಕ್ಕೇ ಮಾಡಿದ್ದು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ ನೋಡಿ, ನನಗೆ ಅಳುವೇ ಬಂತು.

ಮಾವನನ್ನೂ ಹತ್ತಿಸಿಕೊಂಡು ಓಡಿದೆವು ಗ್ಯಾರೇಜಿಗೆ. "ಸದ್ದು ವಾಪಸ್ ಹಾಕಿಕೊಡಿ," ಎಂದೆ.

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಮೇಡಂ, ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಸದ್ದು ತೆಗೀರಿ ಅಂತ ಬರ್ತಾರೆ. ಹಾಕಿ ಅಂತ ಬಂದೋರು ನೀವೇ ಮೊದಲು." ಒಡೆದ ಕ್ಯಾಪು ಗುಜರಿಯ ಡ್ರಮ್ಮಿನಲ್ಲಿತ್ತು. ಕ್ಯಾಪಿಲ್ಲದೆ ಸದ್ದಿಲ್ಲ, ಹೊಸದು ಸೋಮವಾರ ಬರುವುದಂತೆ.

ಆಗ ಮಾವ ಮುಂದೆ ಬಂದರು. ನಟ್ಟಿನ ಪಾಪ ಅವರನ್ನು ಒಳಗೇ ಕೊರೆಯುತ್ತಿತ್ತು. ಕೈಯಲ್ಲಿ ಒಂದು ಖಾಲಿ ಬಿಸ್ಕತ್ತಿನ ಡಬ್ಬಿ, ಅದರೊಳಗೆ ಒಂದು ನಟ್ಟು. "ನಾನು ಹಿಂದೆ ಕೂತ್ಕೊಂಡು ಮೀಟರ್ ನೋಡಿ ಅಲ್ಲಾಡಿಸ್ತೀನಿ. ಎಲ್ಲಾ ಲೆಕ್ಕ ನೋಟ್‌ಬುಕ್ಕಲ್ಲಿದೆ."

ನಂಬಿದರೆ ನಂಬಿ, ಅದು ಕೆಲಸ ಮಾಡಿತು. ಎರಡು ಬೀದಿ ಚೆನ್ನಾಗಿಯೇ ಹೋದೆವು. ಮೂರನೆಯದರಲ್ಲಿ ನಾಯಿಯೊಂದು ಅಡ್ಡ ಬಂತು. ಮಾವ ಕೂತಲ್ಲೇ ಬೆಚ್ಚಿಬಿದ್ದರು, ಡಬ್ಬಿ ಟಕಟಕಟಕ ಅಂದಿತು, ಅತ್ತೆ ಮೂರನೇ ಗೇರ್ ಹಾಕಿಬಿಟ್ಟರು. ನಾಯಿ ಬದುಕಿದ್ದು ಅದರ ಸ್ವಂತ ಜಾಣತನದಿಂದ.

ಶುಕ್ರವಾರ ಬೆಳಿಗ್ಗೆ ಟೆಸ್ಟಿನ ಮೈದಾನ. ಇನ್‌ಸ್ಪೆಕ್ಟರ್ ಪಕ್ಕದ ಸೀಟಿನಲ್ಲಿ ಕೂತು ಹಿಂದೆ ತಿರುಗಿದರು.

"ನೀವು ಯಾರು?"

"ನಾನು ಇವಳ ಗಂಡ."

"ಕೈಯಲ್ಲೇನು?"

"ಡಬ್ಬಿ."

"ಡಬ್ಬಿಯಲ್ಲಿ?"

"ನಟ್ಟು."

"ಯಾಕೆ?"

ಮಾವ ಸುಳ್ಳು ಹೇಳಿ ಅಭ್ಯಾಸವಿಲ್ಲದವರು. "ಸದ್ದು ಮಾಡೋಕೆ," ಎಂದರು.

"ಇಳೀರಿ."

ಮಾವ ಇಳಿದರು. ಕಾರು ಹೊರಟಿತು. ಆಮೇಲೆ ಕಂಡದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮಂಡಿನೋವಿನ ನಮ್ಮ ಮಾವ ಬೇಲಿಯ ಪಕ್ಕದಲ್ಲಿ, ಡಬ್ಬಿಯನ್ನು ತಲೆಯ ಮೇಲೆತ್ತಿ ಅಲ್ಲಾಡಿಸುತ್ತ, ಕಾರಿನ ಜೊತೆ ಓಡಿದರು! ಇಪ್ಪತ್ತು ಹೆಜ್ಜೆಗೆ ಏದುಸಿರು. ಕಂಬ ಹಿಡಿದು ನಿಂತುಬಿಟ್ಟರು. ಅತ್ತ ಕಾರೂ ಆಫ್ ಆಗಿ ನಿಂತಿತು.

ಮುಗಿಯಿತು ಕಥೆ ಅಂದುಕೊಂಡೆ. ಅರವತ್ತೊಂದನೇ ವಯಸ್ಸಿನಲ್ಲಿ ಒಬ್ಬಳು ಹೆಂಗಸು ಆಸೆಪಟ್ಟದ್ದು ಇದೊಂದನ್ನೇ, ಅದನ್ನೂ ನಾನು ಹಾಳು ಮಾಡಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಉಕ್ಕಿತು.

ಆಗ ಕಾರಿನ ತೆರೆದ ಕಿಟಕಿಯಿಂದ ಕೇಳಿಸಿತು.

"ಟಕ್."

ಡಬ್ಬಿಯದಲ್ಲ, ಅತ್ತೆಯ ದನಿ. "ಟಕ್... ಟಕ್..." ಕಾರು ಚಲಿಸಿತು. "ಟಕ್ ಟಕ್ ಟಕ್," ಎರಡನೇ ಗೇರ್. ತಿರುವು ನುಣ್ಣಗೆ ಬಂತು. "ಟಕಟಕಟಕಟಕ," ಎನ್ನುತ್ತ ಅತ್ತೆ ಬೆನ್ನು ನೆಟ್ಟಗಿಟ್ಟುಕೊಂಡು ನಮ್ಮ ಮುಂದೆಯೇ ಹಾದುಹೋದರು. ಪಕ್ಕದಲ್ಲಿ ಇನ್‌ಸ್ಪೆಕ್ಟರ್ ಬಾಯಿ ತೆರೆದುಕೊಂಡು ಕೂತಿದ್ದರು.

ಸುತ್ತು ಮುಗಿಸಿ ಇಳಿದ ಇನ್‌ಸ್ಪೆಕ್ಟರ್ ಜೇಬಿನಿಂದ ನಿಯಮಗಳ ಪುಸ್ತಕ ತೆಗೆದು ಬಹಳ ಹೊತ್ತು ತಿರುವಿದರು. "ಬಾಯಲ್ಲಿ ಸದ್ದು ಮಾಡ್ಬಾರ್ದು ಅಂತ ಎಲ್ಲೂ ಬರೆದಿಲ್ಲ," ಎಂದರು ಕೊನೆಗೆ, ಬೇಸರದಿಂದಲೇ. "ಪಾಸ್." ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ನಿಲ್ಲಿಸೋವಾಗ 'ದಾರ ಕತ್ತರಿಸು' ಅಂದ್ರು. ಅದು ಯಾವ ಗೇರು?" ಎಂದು ಕೇಳಿದರು.

ಲೈಸೆನ್ಸ್ ಕೈಗೆ ಬಂದ ಮೊದಲ ಭಾನುವಾರ ಅತ್ತೆ ತಲೆ ಬಾಚಿಕೊಂಡು, ಕೈಚೀಲ ಹಿಡಿದು ಹೊರಬಂದರು. ಮಾವ ಆಗಲೇ ಚಪ್ಪಲಿ ಮೆಟ್ಟಿ ಹಿಂದಿನ ಬಾಗಿಲ ಹತ್ತಿರ ನಿಂತಿದ್ದರು, ಡಬ್ಬಿ ಸಮೇತ.

"ನೀವು ಮನೇಲಿರಿ," ಎಂದರು ಅತ್ತೆ. "ನಾನೊಬ್ಬಳೇ ಹೋಗ್ತೀನಿ."

ಗೇಟಿನಲ್ಲಿ ನಾವು ಮೂವರೂ ಅತ್ತೆಯ ದನಿಗೆ ಕಿವಿ ನಿಮಿರಿಸಿ ನಿಂತೆವು. ಟಕ್... ಟಕ್... ಬೀದಿಯ ಕೊನೆ, ಟಕ್ ಟಕ್ ಟಕ್. ತಿರುವಿನಾಚೆ ಟಕಟಕಟಕ. ಆಮೇಲೆ ಏನೂ ಇಲ್ಲ.

"ದೂರ ಹೋದ್ರು, ಇನ್ನು ಕೇಳಿಸಲ್ಲ," ಎಂದರು ನಮ್ಮನೆಯವರು.

"ನಿಂಗೇನೋ ಗೊತ್ತು? ನಾಲ್ಕನೇ ಗೇರ್," ಎಂದರು ಮಾವ. ನೋಟ್‌ಬುಕ್ ತೆಗೆದು ಸಮಯ ಸಹಿತ ಬರೆದುಕೊಂಡರು.

ಮುಕ್ಕಾಲು ಗಂಟೆಗೆ ಫೋನ್ ಬಂತು. ದೊಡ್ಡಮ್ಮ. ನಾನು ಹಲೋ ಅನ್ನುವಷ್ಟರಲ್ಲಿ ಜಗಳ ಶುರು.

"ನಿಮ್ಮತ್ತೆಗೆ ಸ್ವಲ್ಪನಾದ್ರೂ ಬುದ್ಧಿ ಇದೆಯೇನೇ? ಇಷ್ಟು ಬೇಗ ಬಂದು ಬಾಗಿಲು ಬಡೀತಿದ್ದಾಳೆ, ನಾನಿನ್ನೂ ತಲೆ ಕೂಡ ಬಾಚಿಲ್ಲ!"