ರೊಟ್ಟಿ ಹಂಚಿಗೆ ಬೀಳುವವರೆಗೆ

ನಾನು ಒಂದು ಎಲೆಕ್ಟ್ರಿಕ್ ಗಿಟಾರು. ಹುಟ್ಟಿದಾಗ ನನ್ನ ಬಣ್ಣ ಕೆಂಪು, ಈಗ ಒಣಗಿದ ಗಜ್ಜರಿಯದ್ದು. ದೂರದ ಒಂದು ಕಾರ್ಖಾನೆಯಲ್ಲಿ ಮರ ಕೊರೆದು, ಉಜ್ಜಿ, ಆರು ತಂತಿ ಬಿಗಿದು ನನ್ನನ್ನು ಮಾಡಿದರು. ಮೊದಲ ಸಲ ಕರೆಂಟು ಕೊಟ್ಟಾಗ ನಾನು ಹಾಕಿದ ಕೂಗಿಗೆ ಗೋಡೆಯ ಗಡಿಯಾರ ಹಿಂದಕ್ಕೆ ತಿರುಗಿತು. ನಂಬದವರು ಆ ಗಡಿಯಾರವನ್ನೇ ಕೇಳಬಹುದು.

ನನ್ನ ಮೊದಲ ಯಜಮಾನ ಹುಬ್ಬಳ್ಳಿಯ ರಸಮಂಜರಿ ತಂಡದ ಮನುವೇಲಣ್ಣ. ಅವನ ಕೈಯಲ್ಲಿ ನಾನು ಹಾಡಿದರೆ ಮದುಮಗನೇ ಹಸೆಮಣೆ ಬಿಟ್ಟು ಕುಣಿಯುತ್ತಿದ್ದ. ಬೆನ್ನುನೋವು ಬಂದು ಕಾರ್ಯಕ್ರಮ ನಿಲ್ಲಿಸಿದ ಮೇಲೆ ಅವನು ನನ್ನನ್ನು ಬೆಟಗೇರಿಯ ತನ್ನ ಚರ್ಚಿನ ಸುಗ್ಗಿ ಹಬ್ಬಕ್ಕೆ ಕಾಣಿಕೆ ಕೊಟ್ಟ. ಆ ಹಬ್ಬದಲ್ಲಿ ಜನ ತಮ್ಮ ಬೆಳೆಯ ಮೊದಲ ಪಾಲನ್ನು ದೇವರ ಮುಂದಿಡುತ್ತಾರೆ, ಆಮೇಲೆ ಅಂಗಳದಲ್ಲಿ ಹರಾಜು. ನನ್ನ ಒಂದು ಪಕ್ಕ ಕುಂಬಳಕಾಯಿ, ಇನ್ನೊಂದು ಪಕ್ಕ ಕಾಲು ಕಟ್ಟಿದ ಹುಂಜ. ಹುಂಜ ನನ್ನ ತಂತಿ ಕುಕ್ಕಿತು. ಆ ಚರ್ಚಿನಲ್ಲಿ ನನ್ನನ್ನು ಮೊದಲು ಬಾರಿಸಿದ್ದು ಅದೇ.

ಹರಾಜಿನಲ್ಲಿ ಹಿಡಿದವನು ಜಯಶೀಲ. ಮಗ್ಗ ರಿಪೇರಿ ಮಾಡುತ್ತಿದ್ದ, ಭಾನುವಾರ ಚರ್ಚಿನ ಬ್ಯಾಂಡಿನಲ್ಲಿ ಸಾದಾ ಗಿಟಾರು ಬಾರಿಸುತ್ತಿದ್ದ. ಅವನ ತಾಯಿ ಮಾರ್ಥವ್ವ ನನ್ನನ್ನು ಬಾಗಿಲಲ್ಲೇ ತಡೆದಳು.

"ಕುಂಬಳಕಾಯಿ ತಾ ಅಂದ್ರ ಕಟಗಿ ತಂದ್ಯಲ್ಲೋ."

"ಇದರಾಗ ಸೋಲೋ ಬಾರಸ್ತೀನವ್ವಾ. ಹಾಡಿನ ನಡುವ ಎಲ್ಲಾರೂ ಸುಮ್ನಾಗತಾರ, ಗಿಟಾರು ಒಂದ ಹಾಡತೈತಿ."

"ಈಗೇನು ನಾ ಹಾಡಾಕತ್ತೀನೇನು, ಸುಮ್ನಾಗಾಕ?"

ಜಯಶೀಲ ನಕ್ಕ, ಆದರೆ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಒಂದು ಕಾಲಕ್ಕೆ ಮಾರ್ಥವ್ವ ಹಾಡಿದರೆ ಇಡೀ ಸಭೆ ಅವಳ ಹಿಂದೆ ಹಾಡುತ್ತಿತ್ತಂತೆ. ಬ್ಯಾಂಡು ಬಂದ ಮೇಲೆ ಅವಳು ಬಾಯಿ ಮುಚ್ಚಿ ಕೂತಳು. "ನಿಮ್ಮ ಹಾಡು ಬಸ್ಸಿನಂಗ ಓಡತೈತಿ. ನಾ ಕಾಲಿಡೂದರಾಗ ಬಿಟ್ಟಿರತೈತಿ" ಎನ್ನುತ್ತಿದ್ದಳು. ಮುಂದಿನ ಸುಗ್ಗಿ ಹಬ್ಬಕ್ಕೆ ಅವಳ ಮೆಚ್ಚಿನ ಹಾಡನ್ನೇ ಆರಿಸಿ, ಅದರ ನಡುವೆ ಒಂದು ಒಳ್ಳೆಯ ಸೋಲೋ ಬಾರಿಸಿ ಅವ್ವನ ಬಾಯಿ ತೆರೆಸಬೇಕು ಎಂದು ಅವನು ಹಟ ಹಿಡಿದ.

ಕಲಿಸಿದ ಗುರು ಅವನ ಫೋನು. ಯಾರೋ ಬಾರಿಸಿದ್ದನ್ನು ಕೇಳುವುದು, ನಿಲ್ಲಿಸುವುದು, ನನ್ನ ಮೇಲೆ ತಡಕಾಡುವುದು. ಮಗ್ಗದ ಎಣ್ಣೆ ಹತ್ತಿದ ಬೆರಳಿನಿಂದ ತಂತಿಯನ್ನು ಮೇಲಕ್ಕೆ ತಳ್ಳಿ ಸ್ವರ ಎಳೆದರೆ, ಎದುರುಮನೆಯ ಎಮ್ಮೆ ಹೆದರಿ ಕರು ಹಾಕುವುದನ್ನೇ ಮುಂದೂಡಿತು. ಆದರೂ ಮಳೆಗಾಲ ಮುಗಿಯುವಷ್ಟರಲ್ಲಿ ಸೋಲೋ ಕೈಗೆ ಬಂತು. ಒಂದು ಸ್ವರವೂ ತಪ್ಪುತ್ತಿರಲಿಲ್ಲ. ಅದನ್ನು ಕೇಳಿಯೂ ಮಾರ್ಥವ್ವ ತುಟಿ ಬಿಚ್ಚಲಿಲ್ಲ.

ಒಂದು ಸಂಜೆ ಕರೆಂಟು ಹೋಯಿತು. ನನ್ನ ದನಿ ಸೊಳ್ಳೆಯಷ್ಟಾಯಿತು. ಆಗ ಅಡಿಗೆಮನೆಯಿಂದ ರೊಟ್ಟಿ ತಟ್ಟುವ ಸದ್ದು ಕೇಳಿತು, ಅದರ ಜೊತೆಗೆ ಅವ್ವನ ಅದೇ ಮೆಚ್ಚಿನ ಹಾಡು. "ನಿನ್ನ ನೆರಳೇ ಸಾಕು, ದೇವಾ..." ಜಯಶೀಲ ಮೆಲ್ಲಗೆ ಜೊತೆಗೂಡಿದ. ಸಾಲು ಮುಗಿಯಿತೆಂದು ಅವನು ಸೋಲೋ ಎತ್ತಿಕೊಂಡ. ಅವ್ವನ "ದೇವಾ" ಇನ್ನೂ ಮುಗಿದಿರಲಿಲ್ಲ.

"ಅವ್ವಾ, ಅಲ್ಲಿ ಯಾಕ ಅಷ್ಟು ಎಳೀತಿ?"

"ನಾ ಎಲ್ಲಿ ಎಳದೆ? ರೊಟ್ಟಿ ಹಂಚಿಗಿ ಹಾಕಬ್ಯಾಡೇನು? ಮ್ಯಾಲ ನೀರು ಸವರಬ್ಯಾಡೇನು?"

ಆ ಹಾಡನ್ನು ಅವಳು ಕಲಿತದ್ದೇ ಒಲೆಯ ಮುಂದೆ. ಒಂದು ಸಾಲಿಗೆ ಒಂದು ರೊಟ್ಟಿ, ಅದು ಹಂಚಿಗೆ ಬಿದ್ದು ನೀರು ಸವರುವವರೆಗೆ ಕೊನೆಯ ಸ್ವರದ ಎಳೆತ. ಸಭೆಯ ಅಜ್ಜಿಯರೆಲ್ಲ ಹಾಗೆಯೇ ಕಲಿತವರು. ನಮ್ಮ ಸೋಲೋ ಹೋಗಿ ಕೂರುತ್ತಿದ್ದದ್ದು ಅವರ ಹಂಚಿನ ಮೇಲೆಯೇ.

ಹಬ್ಬ ಬಂತು. ಚರ್ಚು ತುಂಬಿತ್ತು. ಹಾಡು ಆ ಸಾಲಿಗೆ ಬಂದಾಗ ಜಯಶೀಲ ಕೈ ಎತ್ತಿದ, ಆದರೆ ತಂತಿಗೆ ಇಳಿಸಲಿಲ್ಲ. ಡ್ರಮ್ಮಿನ ರೂಬೇನ ಹಲ್ಲು ಕಚ್ಚಿ, "ಬಾರಸೋ ಮಾರಾಯಾ, ಮರತ್ಯೇನು?" ಎಂದ. ಇವನು ಅಲುಗಲಿಲ್ಲ. ರೂಬೇನನ ಕೋಲೂ ನಿಂತಿತು. ಆ ಮೌನದಲ್ಲಿ, ಎರಡನೆಯ ಸಾಲಿನಲ್ಲಿದ್ದ ಅವ್ವನ ಬೆಂಚಿನಿಂದ, ಹಳೆಯ ರೂಢಿಯೊಂದು ತಾನಾಗಿ ಬಾಯಿ ತೆರೆಯಿತು. "ದೇವಾ..." ಅದರ ಹಿಂದೆ ಅಜ್ಜಿಯರೆಲ್ಲ. ಜಯಶೀಲ ರೊಟ್ಟಿ ಹಂಚಿಗೆ ಬೀಳುವವರೆಗೆ ಕಾದ, ನೀರು ಸವರುವವರೆಗೆ ಕಾದ. ಆಮೇಲೆ ಅವ್ವ ಬಿಟ್ಟ ಸ್ವರವನ್ನೇ ಹಿಡಿದು ಸೋಲೋ ಶುರುಮಾಡಿದ. ನಾನು ಆವತ್ತು ಹಾಡಿದಂತೆ ಯಾವ ಮದುವೆಯಲ್ಲೂ ಹಾಡಿಲ್ಲ.

ಹೊರಗೆ ಬಂದ ಮೇಲೆ ಮಾರ್ಥವ್ವ ಅಂದಳು, "ಇವತ್ತ ಬಸ್ಸು ನಿಂತಿತ್ತಲ್ಲೋ."

"ನಿನ್ನ ಸ್ಟಾಪು ಬಂದಿತ್ತವ್ವಾ."

ಈಗ ನಾನು ಚರ್ಚಿನ ಹಿಂದಿನ ಕೋಣೆಯಲ್ಲಿ, ಕ್ರಿಸ್ಮಸ್ ನಕ್ಷತ್ರದ ಪಕ್ಕ ಒರಗಿದ್ದೇನೆ. ಉಳಿದಿರುವುದು ಒಂದೇ ತಂತಿ. ಮಾರ್ಥವ್ವ ಇಲ್ಲ. ಜಯಶೀಲನ ಬೆರಳು ಸೆಟೆದಿವೆ, ಅವನೀಗ ಅವ್ವನ ಬೆಂಚಿನಲ್ಲಿ ಕೂರುತ್ತಾನೆ. ಬಾರಿಸುವವರು ಹೊಸಬರು, ಗಿಟಾರೂ ಹೊಸದು. ಆದರೂ ಆ ಸಾಲು ಬಂದಾಗ ಬ್ಯಾಂಡು ನಿಲ್ಲುತ್ತದೆ. ಪರವೂರಿನವರು ಸೋಲೋ ಮರೆತರೆಂದುಕೊಳ್ಳುತ್ತಾರೆ. ಇಲ್ಲಿ ಹೀಗೇ ಬಾರಿಸುವುದು ಎನ್ನುತ್ತಾರೆ ಹುಡುಗರು. ಯಾಕೆಂದು ಅವರಿಗೂ ತಿಳಿಯದು.

ನನಗೆ ಮಾತ್ರ ಆಗ ಹಂಚಿನ ಮೇಲೆ ನೀರು ಬಿದ್ದ ಚುಂಯ್ ಸದ್ದು ಕೇಳುತ್ತದೆ. ಕರೆಂಟಿಲ್ಲದೆ, ಕೈಯಿಲ್ಲದೆ, ನನ್ನ ಒಂಟಿ ತಂತಿ ಅದಕ್ಕೆ ನಡುಗುತ್ತದೆ. ನಂಬದವರು ಇಲ್ಲಿಯ ಹಲ್ಲಿಯನ್ನು ಕೇಳಬಹುದು.