ಸಾಗವಾನಿ ಬಣ್ಣದ ಮಂಚ

ಅಂಗಡಿಯಲ್ಲಿ ನೂರಿಪ್ಪತ್ತು ಕುರ್ಚಿಗಳಿದ್ದವು. ಒಂದರ ಮೇಲೂ ವನಿತಾ ಕೂರುವಂತಿರಲಿಲ್ಲ. ಗಿರಾಕಿ ಇರಲಿ ಬಿಡಲಿ, ಬೆಳಿಗ್ಗೆ ಹತ್ತರಿಂದ ನಿಂತೇ ಇರಬೇಕು. ಸಂಜೆಯ ಹೊತ್ತಿಗೆ ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತಿರುತ್ತಿತ್ತು.

ನಿಲ್ಲುವುದಕ್ಕಿಂತ ಕಷ್ಟದ್ದು ಮಾತು. ಮಾಲೀಕ ಉಳವಪ್ಪನವರು ಸುಳ್ಳು ಹೇಳುವವರಲ್ಲ. ಗಲ್ಲಾದ ಮುಂದೆ ಕೂತು ಸುಳ್ಳಾಡಬಾರದೆಂದು ಅವರೇ ಅನ್ನುತ್ತಿದ್ದರು. ಹಾಗಾಗಿ ಕಟ್ಟಿಗೆ ಹೊಟ್ಟಿಗೆ ಅಂಟು ಕಲಸಿ ಒತ್ತಿದ ಹಲಗೆಗೆ ‘ಎಂಜಿನಿಯರ್ಡ್ ವುಡ್’ ಅನ್ನಬೇಕು, ಅದರ ಮೇಲೆ ಅಂಟಿಸಿದ ಬಣ್ಣದ ಕಾಗದಕ್ಕೆ ‘ಸಾಗವಾನಿ ಫಿನಿಶ್’. ಗಿರಾಕಿ ತಾನಾಗಿಯೇ ಸಾಗವಾನಿ ಎಂದು ತಿಳಿದರೆ ಅದು ಗಿರಾಕಿಯ ಪುಣ್ಯ. ಬಿ.ಎ. ಓದಿದ ವನಿತಾ ‘ಫಿನಿಶ್’ ಅನ್ನುವುದನ್ನು ಬಲು ಮೆಲ್ಲಗೆ ಹೇಳಲು ಕಲಿತಿದ್ದಳು.

ಆ ದಿನ ಮಲ್ಲಸಮುದ್ರದ ಉಡಚವ್ವ ಮಗಳ ಮದುವೆಗೆ ಮಂಚ ಕೊಳ್ಳಲು ಬಂದಳು. ಬೆಟಗೇರಿಯ ಕಟ್ಟಿಗೆ ಕೊಯ್ಯುವ ಸಾ ಮಿಲ್ಲಿನಲ್ಲಿ ಕಸ ಹೊಡೆಯುವವಳು. ಸೀರೆಯ ನೆರಿಗೆಯಲ್ಲಿ ಇನ್ನೂ ಹೊಟ್ಟಿತ್ತು. ಎಂಟು ವರ್ಷ ಕೂಡಿಟ್ಟದ್ದೆಲ್ಲ ಸೆರಗಿನ ಗಂಟಿನಲ್ಲಿತ್ತು. ಮೊಮ್ಮಕ್ಕಳ ಕಾಲಕ್ಕೂ ಬಾಳುವ ಸಾಗವಾನಿ ಬೇಕೆಂದಳು. ಉಳವಪ್ಪ ಮಿರಿಮಿರಿ ಮಿಂಚುವ ಮಂಚವೊಂದನ್ನು ತೋರಿಸಿದರು.

ಉಡಚವ್ವ ಮಿಂಚು ನೋಡಲಿಲ್ಲ. ಮಂಚದ ಕೆಳಗೆ ತೂರಿದಳು. ಬಳೆಗೆ ಸಿಕ್ಕಿಸಿದ ಪಿನ್ನು ತೆಗೆದು ಸ್ಕ್ರೂ ತೂತನ್ನು ಕೆದರಿ, ಉದುರಿದ್ದನ್ನು ಅಂಗೈಯಲ್ಲಿ ತಿಕ್ಕಿ ಮೂಸಿ ಹೊರಬಂದಳು.

“ಸಾವಕಾರ್ರ, ಇದು ನಾ ಬಳದ ಹೊಟ್ಟು ಐತ್ರಿ. ಚೀಲಾ ತುಂಬಿ ಲಾರಿಗೆ ಹಾಕಾಕಿನೂ ನಾನ.”

“ಯವ್ವಾ, ಅದು ಎಂಜಿನಿಯರ್ಡ್ ವುಡ್ ಬೇ. ನಿನಗ ತಿಳಿಯೂದಿಲ್ಲ.”

“ತಿಳೀದಿದ್ರ ಬಿಡ್ರಿ. ಬಿಲ್ಲಿನ ಮ್ಯಾಲ ಸಾಗವಾನಿ ಅಂತ ಬರದ ಕೊಡ್ರಿ, ರೊಕ್ಕ ಈಗ ಎಣಸ್ತೀನಿ.”

ಉಳವಪ್ಪ ನಕ್ಕರು. ಓದಿದ ಹುಡುಗಿ ಏನಾದರೂ ಹೊಂದಿಸಿ ಬರೆದಾಳೆಂದು ಬಿಲ್ ಪುಸ್ತಕವನ್ನು ವನಿತಾಳ ಮುಂದೆ ಸರಿಸಿದರು. ಅವಳು ಪೆನ್ನು ತೆಗೆದಳು. ಈ ಪಗಾರ ನಿಂತರೆ ಮನೆಯ ಒಲೆಯೂ ನಿಲ್ಲುತ್ತದೆ. ಆದರೂ ಅವಳು ದುಂಡಗೆ ಬರೆದಳು. ಬರೆದದ್ದನ್ನು ಅಂಗಡಿಗೆಲ್ಲ ಕೇಳುವಂತೆ ಓದಿದಳು:

“ಮಂಚ ಒಂದು. ಕಟ್ಟಿಗೆ ಹೊಟ್ಟು, ಅಂಟು, ಮೇಲೆ ಸಾಗವಾನಿ ಚಿತ್ರದ ಕಾಗದ.”

ಉಡಚವ್ವ ಸೆರಗಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು. ಊಟದ ಮೇಜಿಗೆ ಮುಂಗಡ ಕೊಡಲಿದ್ದ ಲಕ್ಷ್ಮೇಶ್ವರದ ಹೆಂಗಸರಿಬ್ಬರು ಮೊಣಕಾಲೂರಿ ಅದರ ಅಡಿಗೆ ಇಣುಕಿದರು. ಕಪಾಟು ನೋಡುತ್ತಿದ್ದ ಮುದುಕ ಅದರ ಬೆನ್ನಿನ ಕಡೆಗೆ ಹೋದ. ಮೇಲಿನ ಹೊಳಪು ನೋಡಿರೆಂದು ಉಳವಪ್ಪ ಒಬ್ಬೊಬ್ಬರನ್ನೇ ಎಬ್ಬಿಸತೊಡಗಿದರು. ಯಾರೂ ಏಳಲಿಲ್ಲ.

“ಯಾರ ಹತ್ರರ ಪಿನ್ನ ಐತೇನ್ರಿ?” ಎಂದು ಮೇಜಿನ ಕೆಳಗಿನಿಂದ ದನಿ ಬಂತು.

ವನಿತಾ ತನ್ನ ದುಪಟ್ಟಾದ ಪಿನ್ನು ಬಿಚ್ಚಿ ಕೊಟ್ಟಳು. ಆಮೇಲೆ ಹತ್ತಿರದ ಕುರ್ಚಿ ಎಳೆದುಕೊಂಡು ಕುಳಿತಳು.