ಗೋಡೆಗೆ ಇಸ್ತ್ರಿ

ಮಗಳ ಶಾಲೆಯ ಲಂಗದ ಮೂರನೆಯ ನೆರಿಗೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದಳಷ್ಟೆ, ಬಾಗಿಲು ಬಡಿದ ಸದ್ದಾಯಿತು. ಗಂಟೆ ಏಳೂವರೆ. ಹಾಲಿನವನು ಬಂದು ಹೋಗಿಯಾಗಿತ್ತು. ಗಂಡ ಮೊದಲ ಬಸ್ಸು ಓಡಿಸಲು ಐದಕ್ಕೇ ಹೊರಟಿದ್ದ. ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡೇ ಹೋಗಿ ಬಾಗಿಲು ತೆಗೆದಳು.

ಕಂಟ್ರಾಕ್ಟರ್ ನಿಂತಿದ್ದ. ಮಡಿಕೆ ಮುರಿಯದ ಶರ್ಟು, ಕಂಕುಳಲ್ಲಿ ನೀಲಿ ಫೈಲು. ಅವನ ಹಿಂದೆ, ಎರಡು ಮೆಟ್ಟಿಲು ಕೆಳಗೆ, ಸಾಮಾನಿನ ಚೀಲ ಹೊತ್ತ ಮುದುಕ ಮೇಸ್ತ್ರಿ.

“ನಾಳೆ ಬರ್ತೀನಿ ಅಂದಿದ್ರಿ?”

“ಒಳ್ಳೇ ಕೆಲಸಕ್ಕೆ ನಾಳೆ ಯಾಕೆ ಮೇಡಂ? ಒಂದೇ ಒಂದು ಸೈನು. ಕೆಲಸ ಮುಗೀತು, ಮನೆ ಒಪ್ಪಿಸಿಕೊಂಡ್ವಿ ಅಂತ. ಆಮೇಲೆ ನಿಮ್ಮ ಕಣ್ಣಿಗೇ ಬೀಳಲ್ಲ ನಾನು.”

“ಅದೇ ನನಗೆ ಭಯ,” ಅಂದಳು.

ಅವನು ನಕ್ಕ. ಈ ಮನೆಯಲ್ಲಿ ಅವನು ಮಾಡಿದ ಪ್ರತಿ ಎಡವಟ್ಟಿಗೂ ಅವನ ಬಳಿ ಒಂದು ನಗು ಇತ್ತು. ಕಿಟಕಿಯನ್ನು ತಿರುವುಮುರುವಾಗಿ ಕೂರಿಸಿ ಚಿಲಕ ಹೊರಗಡೆ ಬಂದಾಗ, “ಕಳ್ಳನಿಗೂ ಸ್ವಲ್ಪ ಅನುಕೂಲ ಇರಲಿ ಅಂತ” ಎಂದು ನಕ್ಕಿದ್ದ. ಬಚ್ಚಲಿನ ನೀರು ಮೋರಿ ಬಿಟ್ಟು ಹಜಾರದ ಕಡೆ ಹರಿದಾಗಲೂ ನಕ್ಕಿದ್ದ. ಆದರೆ ಅವಳು ಬೆರಳು ಮಾಡಿ ತೋರಿಸಿದ್ದನ್ನೆಲ್ಲ, ಗೊಣಗುತ್ತಲೇ ಆದರೂ, ಸರಿ ಮಾಡಿಸಿಕೊಟ್ಟಿದ್ದ. ಉಳಿದದ್ದು ಬೆರಳು ಮಾಡಿ ತೋರಿಸಲಾಗದ್ದು.

ಬೆಂಕಿ ಬಿದ್ದು ಐದು ತಿಂಗಳಾಗಿತ್ತು. ಮಗಳ ಕೋಣೆಯ ಗೋಡೆಯೊಳಗಿನ ಹಳೆಯ ವೈರು ಹೊತ್ತಿಕೊಂಡಾಗ ಮನೆಯಲ್ಲಿ ಯಾರೂ ಇರಲಿಲ್ಲ, ಅದೊಂದು ಪುಣ್ಯ. ಮಂಚ, ಹಾಸಿಗೆ, ಪುಸ್ತಕದ ಕಪಾಟು, ಬಾಗಿಲು, ಯಾವುದೂ ಉಳಿಯಲಿಲ್ಲ. ಅಂದಿನಿಂದ ಅವಳ ಅಕ್ಕನ ಮನೆಯ ಎರಡು ಕೋಣೆಗಳಲ್ಲಿ ಎರಡು ಸಂಸಾರ. ಅಕ್ಕ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಅದಕ್ಕೇ ಅಲ್ಲಿರುವುದು ಇನ್ನೂ ಕಷ್ಟವಾಗಿತ್ತು.

ಒಂಬತ್ತು ದಿನದ ಕೆಳಗೆ ವಾಪಸು ಬಂದಾಗ ಕೋಣೆ ಹಾಲಿನಲ್ಲಿ ತೊಳೆದ ಹಾಗಿತ್ತು. ಗಂಡ ಗೋಡೆಯ ಮೇಲೆ ಅಂಗೈ ಆಡಿಸಿ, “ಬೆಣ್ಣೆ ಕಣೇ!” ಅಂದಿದ್ದ. ಏಳು ವರ್ಷದ ಮಗಳು ಮಾತ್ರ ಹೊಸಿಲಲ್ಲೇ ನಿಂತಳು. ಹೆಸರಿಗಿಂತ ಹೆಚ್ಚಾಗಿ ಚೋಟು ಎಂದೇ ಕರೆಸಿಕೊಳ್ಳುವ ಹುಡುಗಿ.

“ಅಮ್ಮಾ, ಹೊಗೆ ವಾಸನೆ.”

“ಇಲ್ಲ ಕಣೇ ಕಂದ. ಹೊಸ ಬಣ್ಣದ್ದು ಅದು.”

ಚೋಟು ಎರಡನೆಯ ದಿನವೂ ಹೇಳಿದಳು, ಮೂರನೆಯ ದಿನವೂ ಹೇಳಿದಳು. ಕಂಟ್ರಾಕ್ಟರ್‌ಗೆ ಫೋನು ಮಾಡಿದಾಗ, “ಹೆದರಿದ ಮಗು ಮೇಡಂ, ಮನಸ್ಸಲ್ಲಿ ಕೂತಿರುತ್ತೆ. ಯಾರಾದ್ರೂ ಡಾಕ್ಟರಿಗೆ ತೋರಿಸಿ,” ಅಂದ. ಗಂಡನೂ ತಲೆಯಾಡಿಸಿದ. ನಾಲ್ಕನೆಯ ದಿನದಿಂದ ಚೋಟು ಏನೂ ಹೇಳಲಿಲ್ಲ. ಚಾಪೆ ಸುತ್ತಿಕೊಂಡು ಅಡುಗೆಮನೆಯಲ್ಲಿ ಮಲಗಿದಳು. ಆಮೇಲಾಮೇಲೆ ತಾಯಿಯ ಮುಖವನ್ನೇ ದಿಟ್ಟಿಸುವಳು; ಏನೋ ಕೇಳಲು ಬಾಯಿ ತೆರೆಯುವಳು; “ಏನೇ?” ಎಂದರೆ “ಏನಿಲ್ಲ” ಎನ್ನುವಳು.

ತಾಯಿಗೆ ವಾಸನೆ ಮೊದಲ ದಿನವೇ ಬಂದಿತ್ತು.

ಹನ್ನೊಂದು ವರ್ಷದಿಂದ ಲಾಂಡ್ರಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವವಳಿಗೆ ಮೂಗೇ ಅರ್ಧ ಕಸುಬು. ಸಿಗರೇಟಿನ ಕೋಟು ಯಾವುದು, ಅಡುಗೆಮನೆಯಲ್ಲಿ ನೇತುಹಾಕಿದ ಸೀರೆ ಯಾವುದು ಎಂದು ಮಡಿಕೆ ಬಿಚ್ಚುವ ಮೊದಲೇ ಹೇಳುತ್ತಿದ್ದಳು. ಆದರೆ ಮನೆಗೆ ಮರಳಿದ ಆ ಸಂಜೆ, ಗಂಟು ಮೂಟೆ ಇನ್ನೂ ಬಿಚ್ಚಿರಲಿಲ್ಲ. ಮತ್ತೆ ಅಕ್ಕನ ಮನೆಯ ಮೆಟ್ಟಿಲು ಹತ್ತುವ ಶಕ್ತಿ ಅವಳಲ್ಲಿರಲಿಲ್ಲ. ಬಂದ ವಾಸನೆಯನ್ನು ಇಲ್ಲ ಎಂದುಕೊಂಡಳು. ಮಗಳಿಗೂ ಅದನ್ನೇ ಹೇಳಿದಳು.

“ಮೇಡಂ, ಇಲ್ಲಿ,” ಕಂಟ್ರಾಕ್ಟರ್ ಫೈಲು ಬಿಚ್ಚಿ ಊಟದ ಮೇಜಿನ ಮೇಲಿಟ್ಟ. ಪೆನ್ನಿನ ಮುಚ್ಚಳವನ್ನೂ ತೆಗೆದುಕೊಟ್ಟ.

ಕಾಗದ ಓದಿದಳು. ಕೆಲಸ ತೃಪ್ತಿಕರವಾಗಿ ಮುಗಿದಿದೆ. ಇನ್ನು ಮುಂದೆ ಕಂಡುಬರುವ ಯಾವ ಕೊರತೆಗೂ ಕಂಪನಿ ಹೊಣೆಯಲ್ಲ. ಅಷ್ಟರಲ್ಲಿ ಗಂಡನ ಫೋನು ಬಂತು. ಕಂಟ್ರಾಕ್ಟರ್ ಅವನಿಗೂ ಹೇಳಿಯೇ ಬಂದಿದ್ದ.

“ಹಾಕಿ ಕಳಿಸಿಬಿಡು ಅತ್ಲಾಗೆ,” ಅಂದ ಗಂಡ. ಹಿಂದೆ ಬಸ್ಸಿನ ಇಂಜಿನ್ನು ಗುರ್ ಎನ್ನುತ್ತಿತ್ತು. “ಸಾಕಾಗಿದೆ ಕಣೇ. ನಿನಗೂ ಸಾಕಾಗಿದೆ, ನನಗೂ ಸಾಕಾಗಿದೆ.”

“ಹೂಂ, ನೋಡ್ತೀನಿ.”

ಪೆನ್ನು ಹಿಡಿದಳು. ಹಜಾರದ ಆ ತುದಿಯಲ್ಲಿ ಚೋಟು ಒಳಲಂಗದಲ್ಲೇ ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಉಜ್ಜುತ್ತಿದ್ದಳು. ಪೆನ್ನನ್ನು ನೋಡುತ್ತಿರಲಿಲ್ಲ, ತಾಯಿಯ ಮುಖವನ್ನು ನೋಡುತ್ತಿದ್ದಳು. ಬಾಯಿ ತುಸು ತೆರೆಯಿತು, ಮತ್ತೆ ಮುಚ್ಚಿಕೊಂಡಿತು.

ಅವಳು ಪೆನ್ನು ಕೆಳಗಿಟ್ಟಳು.

“ಚೋಟು, ಇಲ್ಲಿ ಬಾ. ಆ ಕೋಣೇಲಿ ವಾಸನೆ ಎಲ್ಲಿ ಜಾಸ್ತಿ ಬರುತ್ತೆ? ತೋರಿಸು.”

“ಅಯ್ಯೋ ಮೇಡಂ, ಮಗು ಮಾತು ಕಟ್ಕೊಂಡು...”

“ನೀವು ಸುಮ್ನಿರಿ.”

ಚೋಟು ಒಂದು ಕ್ಷಣ ನಂಬಲಿಲ್ಲ. ಆಮೇಲೆ ಹೊಸಿಲ ತನಕ ಬಂದಳು. ನಾಲ್ಕನೆಯ ದಿನದಿಂದ ದಾಟದಿದ್ದ ಹೊಸಿಲು. ಮೂಗು ಹಿಡಿದುಕೊಂಡು, ನೀರಿಗಿಳಿಯುವವಳ ಹಾಗೆ ಕಣ್ಣು ಮುಚ್ಚಿ ದಾಟಿದಳು. ಸ್ವಿಚ್ಚಿನ ಬೋರ್ಡಿನ ಎಡಗಡೆ, ತನ್ನ ಭುಜದ ಎತ್ತರದಲ್ಲಿ ಬೆರಳಿಟ್ಟಳು. “ಇಲ್ಲಿ.”

“ಅಲ್ಲೇ ನಿಂತಿರು.”

ಹಳೆಯ ಬಿಳಿ ಹೊದಿಕೆಯೊಂದನ್ನು ಪರ್ರನೆ ಹರಿದು ಎರಡು ತುಂಡು ಮಾಡಿದಳು. ಒಂದನ್ನು ನೀರಿಗೆ ಅದ್ದಿ ಹಿಂಡಿದಳು. ಇಸ್ತ್ರಿಪೆಟ್ಟಿಗೆಯನ್ನು ಪೂರ್ತಿ ಶಾಖಕ್ಕೆ ತಿರುಗಿಸಿ, ಅದರ ದೀಪ ಆರುವ ತನಕ ಕಾದು, ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದು ಬಂದಳು.

“ಏನ್ ಮೇಡಂ, ಗೋಡೆಗೂ ಇಸ್ತ್ರಿನಾ?” ಕಂಟ್ರಾಕ್ಟರ್ ನಕ್ಕ. “ನೆರಿಗೆ ಗಿರಿಗೆ ಏನಾದ್ರೂ ಇದ್ದರೆ ಹೇಳಿ ಮತ್ತೆ.”

ಲಾಂಡ್ರಿಯಲ್ಲಿ ಅವಳಿಗೆ ಕೆಲಸ ಕಲಿಸಿದ ಹಿರಿಯನದೊಂದು ಪದ್ಧತಿಯಿತ್ತು. ಒಗೆದು ಒಣಗಿಸಿದ ಕೋಟನ್ನು ಗಿರಾಕಿಯ ಕೈಗೆ ಹಾಗೇ ಕೊಡುತ್ತಿರಲಿಲ್ಲ. ಕಂಕುಳ ಭಾಗದ ಮೇಲೆ ಒದ್ದೆ ಬಟ್ಟೆ ಹಾಸಿ, ಕಾದ ಪೆಟ್ಟಿಗೆ ಒತ್ತಿ, ಹತ್ತು ಎಣಿಸಿ, ಬಟ್ಟೆ ಎತ್ತಿ ಮೂಸುತ್ತಿದ್ದ. ‘ಒಣಗಿರುವಾಗ ಎಲ್ಲಾ ಸಂಭಾವಿತರೇ. ಹಬೆ ಕೊಟ್ಟು ನೋಡು, ಹೊಟ್ಟೇಲಿರೋದೆಲ್ಲಾ ಕಕ್ತಾರೆ,’ ಎನ್ನುತ್ತಿದ್ದ.

ಒದ್ದೆ ಬಟ್ಟೆಯನ್ನು ಗೋಡೆಗೆ ಹಿಡಿದು ಪೆಟ್ಟಿಗೆ ಒತ್ತಿದಳು. ಚುಂಯ್ ಎಂದು ಹಬೆ ಎದ್ದಿತು.

“ಎಣಿಸೇ.”

“ಒಂದು... ಎರಡು...” ಚೋಟು ಮೂಗು ಹಿಡಿದೇ ಎಣಿಸಿದ್ದರಿಂದ ನೆಗಡಿಯಾದವಳ ದನಿ. ಏಳಕ್ಕೆ ಬರುವಷ್ಟರಲ್ಲಿ ಕಂಟ್ರಾಕ್ಟರ್ ಕೆಮ್ಮಿದ. ಹತ್ತಕ್ಕೆ ಪೆಟ್ಟಿಗೆ ತೆಗೆದಾಗ ಕೋಣೆಯ ತುಂಬ ಅದೇ ವಾಸನೆ: ಸುಟ್ಟ ಹಾಸಿಗೆ, ಸುಟ್ಟ ವೈರು, ಬೆಂಕಿ ಬಿದ್ದ ಆ ಸಂಜೆ. ಬಿಳಿ ಬಟ್ಟೆಯ ಮೇಲೆ ಪೆಟ್ಟಿಗೆಯ ಆಕಾರದಲ್ಲೇ ಕಂದು ಕಲೆ ಮೂಡಿತ್ತು.

“ಅದು... ಶಾಖಕ್ಕೆ ಬಣ್ಣ ಸುಟ್ಟ ವಾಸನೆ ಮೇಡಂ,” ಅಂದ ಅವನು. ನಗು ಇತ್ತು, ಆದರೆ ತುಟಿಯ ಒಂದೇ ಕಡೆ. “ಯಾವ ಗೋಡೆಗೆ ಕಾದ ಪೆಟ್ಟಿಗೆ ಇಟ್ಟರೂ ಹಾಗೇ.”

“ಹೌದಾ? ನೋಡೇಬಿಡೋಣ.”

ಅಡುಗೆಮನೆಯ ಹಿಂಗೋಡೆಗೆ ಹೊಗೆ ತಾಕಿರಲಿಲ್ಲ. ಮಿಕ್ಕ ಬಣ್ಣ ವ್ಯರ್ಥವಾಗದಿರಲಿ ಎಂದು ಕೋಣೆಗೆ ಬಣ್ಣ ಬಳಿದ ದಿನವೇ, ಅದೇ ಬಕೆಟ್ಟಿನಿಂದ ಅದಕ್ಕೂ ಬಳಿಸಿದ್ದಳು. ಪೆಟ್ಟಿಗೆಯನ್ನು ಮತ್ತೆ ಅಷ್ಟೇ ಕಾಯಿಸಿದಳು. ತಕ್ಕಡಿ ಹಿಡಿದವಳಂತೆ, ಒಂದಿಷ್ಟೂ ಅವಸರ ಮಾಡದೆ. ಎರಡನೆಯ ತುಂಡನ್ನು ಒದ್ದೆ ಮಾಡಿ ಒತ್ತಿದಳು. ಚೋಟು ಈ ಸಲ ಮೂಗು ಬಿಟ್ಟು, ಮನೆಯೆಲ್ಲ ಕೇಳುವ ಹಾಗೆ ಎಣಿಸಿದಳು. ಹತ್ತಕ್ಕೆ ಬಟ್ಟೆ ಎತ್ತಿದರೆ ಬೆಳ್ಳಗೆ ಹಾಗೇ ಇತ್ತು. ಬಿಸಿ ಸುಣ್ಣದ ತೆಳು ವಾಸನೆ, ಅಷ್ಟೆ.

ಎರಡನ್ನೂ ತಂದು ಊಟದ ಮೇಜಿನ ಮೇಲೆ, ಅವನ ನೀಲಿ ಫೈಲಿನ ಅಕ್ಕಪಕ್ಕ ಹರವಿದಳು.

“ಮೇಸ್ತ್ರಿ!” ಕಂಟ್ರಾಕ್ಟರ್ ತಿರುಗಿದ. “ನೀವೇ ಹೇಳಿ. ಆ ಕೋಣೆ ಗಾರೆ ಕೆತ್ತಿದ್ವೋ ಇಲ್ವೋ?”

ಅಷ್ಟು ಹೊತ್ತೂ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದ ಮುದುಕ, ಚೀಲ ಕೆಳಗಿಳಿಸಿ ಉಳಿ, ಸುತ್ತಿಗೆ ತೆಗೆದ.

“ಹೇಳೋದೇನಿದೆ. ನೋಡಿದರಾಯ್ತು.”

“ಏಯ್, ಏಯ್, ಇರಿ...”

ಮುದುಕ ಕೋಣೆಗೆ ನಡೆದು, ಮಗು ಬೆರಳಿಟ್ಟ ಜಾಗಕ್ಕೇ ಉಳಿ ಕೊಟ್ಟು ಒಂದೇ ಏಟು. ಬೆಣ್ಣೆಯಂಥ ಗೋಡೆ ಮೊಟ್ಟೆಯ ಸಿಪ್ಪೆಯ ಹಾಗೆ ಎದ್ದುಬಂತು. ಒಳಗೆ ಕಪ್ಪು. ಒಲೆಯ ಒಳಮೈಯಂಥ, ಬೆರಳಿಗೆ ಅಂಟುವ ಕಪ್ಪು.

“ಇಟ್ಟಿಗೆವರೆಗೂ ಕೆತ್ತಬೇಕು ಅಂತ ನಾನಂದೆ ತಾಯಿ,” ಮೇಸ್ತ್ರಿ ಅವಳ ಕಡೆ ತಿರುಗದೆ, ಗೋಡೆಗೆ ಹೇಳಿದ. “ಎರಡೇ ದಿನದಲ್ಲಿ ಮುಗಿಸು ಅಂದ್ರು. ಮೇಲೆ ಮೆತ್ತಿದೆ. ನಲವತ್ತು ವರ್ಷ ಕೆಲಸ ಮಾಡಿದ ಕೈ ಇದು. ಅವತ್ತು ಊಟ ಸೇರಲಿಲ್ಲ.”

ಕಂಟ್ರಾಕ್ಟರ್ ಕರ್ಚೀಪು ತೆಗೆದು ಕತ್ತು ಒರೆಸಿಕೊಂಡ. “ಆಯ್ತು ಅಕ್ಕಾ, ಏನೋ ಆಗಿದೆ. ಮಾಡಿಸಿಕೊಡೋಣ. ಈಗ ಸೈನ್ ಹಾಕಿ, ಮುಂದಿನ ವಾರ ನಾನೇ ನಿಂತು...”

ಐದು ತಿಂಗಳಲ್ಲಿ ಮೊದಲ ಸಲ ಅವನು ಅಕ್ಕಾ ಎಂದಿದ್ದ. ಅವಳಿಗೆ ನಗು ಬಂತು.

“ಸೈನ್ ಬೇಕಾದರೆ ಇವೆರಡು ಬಟ್ಟೆ ಫೈಲಲ್ಲಿ ಇಟ್ಕೊಂಡು ಹೋಗಿ. ನಿಮ್ಮ ಆಫೀಸಿನವರು ಮೂಸಿ ನೋಡಿ, ತೃಪ್ತಿಕರ ಅಂದರೆ ಹಾಕ್ತೀನಿ.”

ಅವನು ಬಟ್ಟೆಯನ್ನು ನೋಡಿದ, ಗೋಡೆಯನ್ನು ನೋಡಿದ, ಕೊನೆಗೆ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಉಳಿಯ ತುದಿಯನ್ನು ಬೆರಳಿನಿಂದ ಒರೆಸುತ್ತಿದ್ದ.

ಅವಳು ಫೈಲಿನ ಕಾಗದವನ್ನು ಮಗುಚಿ, ಖಾಲಿ ಬದಿಯಲ್ಲಿ ಬರೆಯತೊಡಗಿದಳು. ದುಂಡನೆಯ ಅಕ್ಷರ, ಲಾಂಡ್ರಿಯ ಚೀಟಿ ಬರೆದು ಬರೆದು ಪಳಗಿದ್ದು. ನಾಲ್ಕೂ ಗೋಡೆ ಮತ್ತು ಸೂರಿನ ಗಾರೆಯನ್ನು ಇಟ್ಟಿಗೆಯವರೆಗೆ ಕೆತ್ತಿ, ತೊಳೆದು, ಒಣಗಿಸಿ, ಹೊಸ ಗಾರೆ ಹಾಕುವುದು. ಪ್ರತಿ ಹಂತವನ್ನೂ ಮನೆಯವರು ನೋಡಿದ ಮೇಲೆಯೇ ಮುಂದಿನದು. ಇವತ್ತಿನಿಂದ ಕೆಲಸ ಶುರು.

“ಇದು ಕಂಪನಿ ಕಾಗದ. ಇದರ ಹಿಂದೆ ಎಲ್ಲಾ ಬರೆಯೋ ಹಾಗಿಲ್ಲ.”

“ಬಣ್ಣದ ಹಿಂದೆ ಏನು ಬೇಕಾದರೂ ಇರಬಹುದು, ಕಾಗದದ ಹಿಂದೆ ನಾಲ್ಕು ಸಾಲು ಇರೋ ಹಾಗಿಲ್ವಾ?” ಪೆನ್ನನ್ನು ಅವನ ಕಡೆ ಚಾಚಿದಳು. “ಸೈನು ನಿಮ್ಮದು. ಒಂದೇ ಒಂದು.”

ಮೇಸ್ತ್ರಿ ಕೆಮ್ಮಿದ. ಅದು ವಾಸನೆಗೆ ಬಂದ ಕೆಮ್ಮಾಗಿರಲಿಲ್ಲ.

ಕಂಟ್ರಾಕ್ಟರ್ ಸೈನ್ ಹಾಕಿದ. ತಾರೀಖನ್ನೂ ಹಾಕಿಸಿದಳು. ಅವನು ಫೋನು ಕಿವಿಗಿಟ್ಟು ಇನ್ನಿಬ್ಬರು ಕೆಲಸದವರನ್ನು ಬರಹೇಳುತ್ತ ಮೆಟ್ಟಿಲಿಳಿಯುವಾಗ ಶರ್ಟಿನ ಬೆನ್ನು ಒದ್ದೆಯಾಗಿ ಅಂಟಿಕೊಂಡಿತ್ತು. ಅವಳು ಗಂಡನಿಗೆ ಫೋನು ಮಾಡಿ, “ಸೈನ್ ಆಯ್ತು,” ಎಂದಳು.

“ಸದ್ಯ! ಹಾಕಿದೆಯಾ?”

“ನಾನಲ್ಲ. ಅವನು.”

ಆ ಕಡೆ, ಏನೆಂದು ಅರ್ಥವಾಗದೆಯೂ, ಗಂಡ ನಗತೊಡಗಿದ. ಅವಳೂ ನಕ್ಕಳು. ನಿಂತಲ್ಲೇ, ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ.

ಶಾಲೆಗೆ ಹೊತ್ತು ಮೀರಿಹೋಯಿತು. ಲಾಂಡ್ರಿಗೂ ಅರ್ಧ ದಿನ ರಜೆ ಹೇಳಿದಳು. ಒಂಬತ್ತೂವರೆಗೆಲ್ಲ ಕೋಣೆಯಲ್ಲಿ ಮೂರು ಸುತ್ತಿಗೆಗಳ ಸದ್ದು. ಕಿಟಕಿಯಿಂದ ಗಾರೆಯ ಹೆಂಟೆಗಳು ಅಂಗಳಕ್ಕೆ ಬೀಳುತ್ತಿದ್ದವು, ಒಂದು ಮೈ ಬಿಳಿ, ಒಂದು ಮೈ ಕಪ್ಪು. ದೂಳು ಒಳಗೆ ಬರದಂತೆ ಅವಳು ಹಜಾರದ ಬಾಗಿಲಿಗೆ ಒದ್ದೆ ಚಾದರ ಕಟ್ಟಿದಳು. ಮಗಳ ಮೂಗು ಬಾಯಿಗೆ ಒಂದು ಟವೆಲ್ ಸುತ್ತಿ, ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕುಳಿತಳು.

ಬೋರ್ಡಿನ ಪಕ್ಕದ ಗೋಡೆ ಪೂರ್ತಿ ಬಿದ್ದು ಕೆಂಪು ಇಟ್ಟಿಗೆ ಕಂಡಾಗ, ಮೇಸ್ತ್ರಿ ಕಿಟಕಿಯಿಂದ ತಲೆ ಹೊರಹಾಕಿದ. “ಪುಟ್ಟಮ್ಮಾ, ಬಂದು ಮೂಸು. ನೀನು ಹೂಂ ಅಂದರೇನೇ ಮುಂದಿನ ಗೋಡೆ.”

ಚೋಟು ಓಡಿಹೋದಳು. ಹೊಸಿಲನ್ನು ನೋಡಲೂ ಇಲ್ಲ. ಒಳಗಿಂದ “ಹೂಂ!” ಎಂದು ಕೂಗಿದ್ದು ಕೇಳಿಸಿತು, ಮೂವರು ಗಂಡಸರು ನಕ್ಕದ್ದೂ. ವಾಪಸು ಬಂದಾಗ ಕೂದಲು, ರೆಪ್ಪೆ ಎಲ್ಲ ಸುಣ್ಣದ ಪುಡಿ. ತಾಯಿಗೆ ಅಂಟಿಕೊಂಡು ಕುಳಿತಳು. ಮತ್ತೊಂದು ಹೆಂಟೆ ಅಂಗಳಕ್ಕೆ ಬಿದ್ದು ಒಡೆಯಿತು. ದೂಳು ಮೆಲ್ಲಗೆ ಕೆಳಗಿಳಿಯಿತು.

ಚೋಟು ಟವೆಲನ್ನು ಗದ್ದದ ಕೆಳಗೆ ಎಳೆದುಕೊಂಡು, ತಾಯಿಯ ಮುಖ ನೋಡಿದಳು.

“ಅಮ್ಮಾ, ನಿನಗೂ ಬರ್ತಿತ್ತಾ?”